ಬೋರ್ಡಿನ ಮೇಲಿನ ಕೈ

ಸುನಂದ ಕೊನೆಯ ಸ್ಕ್ರೂ ಬಿಚ್ಚಿ ಹಳೆಯ ಮದರ್‌ಬೋರ್ಡನ್ನು ಕಂಪ್ಯೂಟರಿನ ಡಬ್ಬದಿಂದ ಹೊರಗೆ ತೆಗೆದಳು. ಈ ಸಲ ರಿಪೇರಿಯವನನ್ನು ಕರೆಸಿರಲಿಲ್ಲ. ಗಂಡನನ್ನಂತೂ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಅವಳ ಅನುಮಾನ ಇದ್ದದ್ದೇ ಅವನ ಮೇಲೆ.

ಹುಬ್ಬಳ್ಳಿಯ ಬೀಜದ ಕಂಪನಿಯೊಂದರಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಬಿ.ಎಸ್ಸಿ. ಮುಗಿಸಿ ಹನ್ನೆರಡು ವರ್ಷ ಯಲ್ದೂರಿನ ಮನೆಯಲ್ಲಿ ಸಾರು ಕುದಿಸಿದವಳಿಗೆ ಅದೇ ಮೊದಲ ಅವಕಾಶ. ಪರೀಕ್ಷೆಯನ್ನು ಮನೆಯಲ್ಲೇ ಕೂತು, ಕ್ಯಾಮೆರಾ ಇರುವ ಕಂಪ್ಯೂಟರಿನಲ್ಲಿ ಬರೆಯಬೇಕು, ಮೊಬೈಲು ನಡೆಯುವುದಿಲ್ಲ. ಆದರೆ ಪರೀಕ್ಷೆಯ ಬೆಳಿಗ್ಗೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಮಧ್ಯಾಹ್ನ ಶ್ರೀನಿವಾಸಪುರದಿಂದ ಬಂದ ರಿಪೇರಿಯ ವೆಂಕಟ್ ರ‍್ಯಾಮಿನ ಪಟ್ಟಿ ಸಡಿಲವಾಗಿದೆಯೆಂದು ಒತ್ತಿ ಕೂರಿಸಿ ಹೋದ. ಕಂಪನಿಯವರು ಕೊಟ್ಟ ಎರಡನೆಯ ದಿನವೂ ಅದೇ ಕಥೆ.

"ಸ್ಲಾಟು ಸವೆದಿರ್ಬೇಕು ಅಕ್ಕ. ಬೋರ್ಡೇ ಬದಲಾಯಿಸ್ಬಿಡಿ" ಎಂದ ವೆಂಕಟ್.

ಪರೀಕ್ಷೆಯ ದಿನವನ್ನೇ ನೋಡಿಕೊಂಡು ಸವೆಯುವ ಸ್ಲಾಟು ಎಲ್ಲಾದರೂ ಉಂಟೇ? ಆದರೂ ಸುನಂದ ಹೊಸ ಬೋರ್ಡು ತಂದಳು. ಕೊನೆಯ ಅವಕಾಶ ನಾಳೆ ಬೆಳಿಗ್ಗೆ ಹತ್ತಕ್ಕೆ. ಇದೂ ತಪ್ಪಿದರೆ ಮತ್ತೆ ಕರೆಯುವುದಿಲ್ಲವೆಂದು ಕಂಪನಿ ಖಂಡಿತವಾಗಿ ಹೇಳಿತ್ತು.

ಗಂಡ ವೇಣುಗೋಪಾಲ್ ಮಾವಿನ ತೋಟದವನು. "ಹುಬ್ಳಿಗೆ ಬಂದು ನಾನೇನ್ ಮಾಡ್ಲಿ? ತೋಟ ಯಾರು ನೋಡ್ತಾರೆ?" ಎಂದು ಮೊದಲ ದಿನವೇ ಮುಖ ಊದಿಸಿಕೊಂಡಿದ್ದ. ಪಂಪುಸೆಟ್ಟನ್ನೇ ಬಿಚ್ಚಿ ಜೋಡಿಸುವ ಕೈ ಅವನದು. ಒಂದು ಪಟ್ಟಿ ಸಡಿಲಿಸುವುದು ಯಾವ ಲೆಕ್ಕ?

ಅವಳ ಪರ ನಿಂತವರು ಅತ್ತೆ ಅನಸೂಯಮ್ಮ ಒಬ್ಬರೇ. "ನೀನು ಹೋಗು ತಲ್ಲಿ, ನನ್ನ ಯೋಚ್ನೆ ಬೇಡ" ಎಂದು ಮಗನ ಎದುರಿಗೇ ಹೇಳಿದ್ದರು. ಈಗಲೂ ಬಾಗಿಲ ಬಳಿ ಕೂತು, ಮೊರದ ತುಂಬ ಅವರೆಕಾಯಿ ಬಿಡಿಸುತ್ತ ಸೊಸೆಗೆ ಜೊತೆಯಾಗಿದ್ದರು. ನಾಳೆ ಹಿತಕಿದ ಬೇಳೆ ಸಾರು. ಸುನಂದ ತಾನೂ ಒಂದು ಹಿಡಿ ಬಿಡಿಸಲು ಹೋದಾಗ ಕೈ ತಳ್ಳಿದರು.

"ಮುಟ್ಬೇಡ ಕಣೇ. ಈ ಸೊಗಡು ಸೋಪು ಹಾಕಿದ್ರೂ ಎರಡು ದಿನ ಹೋಗಲ್ಲ. ನಾಜೂಕಿನ ಸಾಮಾನು ಮುಟ್ಟೋ ಕೈ ನಿಂದು. ಇದೆಲ್ಲ ನಂಗೆ ಬಿಡು."

ಇಂಥ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ! ಸುನಂದಳಿಗೆ ಕಣ್ಣು ತುಂಬಿ ಬಂತು.

ಅವಳು ಕೈ ತೊಳೆದು ಒರೆಸಿ, ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿದುಹೋಗಲೆಂದು ಕಿಟಕಿಯ ಕಬ್ಬಿಣದ ಕಂಬಿ ಮುಟ್ಟಿ ಬಂದು ಕೂತಳು. ಹೊಸ ಬೋರ್ಡಿನ ಸಣ್ಣ ಸನ್ನೆಗೋಲು ಎತ್ತಿ, ಮೂಲೆಯ ಗುರುತು ನೋಡಿ ಪ್ರೊಸೆಸರ್ ಇಟ್ಟಳು. ಮೇಲೆ ಬಿಸಿ ಎಳೆಯುವ ಪೇಸ್ಟು, ಅದರ ಮೇಲೆ ಫ್ಯಾನು. ಬೋರ್ಡನ್ನು ಡಬ್ಬದೊಳಗೆ ಕೂರಿಸಿ ಆರು ಸ್ಕ್ರೂ ಬಿಗಿದಳು. ಕೊನೆಗೆ ರ‍್ಯಾಮು.

"ಅದೇನಮ್ಮ, ಆ ಪಟ್ಟಿ?"

"ಇದೇ ಅತ್ತೆ, ಎರಡು ಸಲವೂ ಕೈ ಕೊಟ್ಟಿದ್ದು. ಎರಡೂ ಕಡೆ ಕ್ಲಿಪ್ಪು ಬೀಳ್ಬೇಕು."

"ಹೊಸದ್ರಲ್ಲೂ ಅಂಗೇನಾ? ಕ್ಲಿಪ್ಪು ಒತ್ತಿದ್ರೆ ಪಟ್ಟಿ ಎದ್ದು ಬರುತ್ತಾ?"

"ಅಂಗೇ. ಯಾರೂ ಒತ್ಬಾರ್ದು ಅಷ್ಟೆ."

"ಯಾರು ಒತ್ತಾರೆ ಬಿಡು" ಎಂದು ಅನಸೂಯಮ್ಮ ಇನ್ನೊಂದು ಕಾಯಿ ಸಿಗಿದರು.

ವಯರುಗಳನ್ನು ಸಿಕ್ಕಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಸುನಂದ ಸೆಟ್ಟಿಂಗಿಗೆ ಹೋಗಿ ದಿನಾಂಕ, ಗಂಟೆ ಸರಿಮಾಡಿದಳು. ಯಾವ ಡಿಸ್ಕಿನಿಂದ ಶುರುವಾಗಬೇಕೆಂದು ಹೇಳಿಕೊಟ್ಟಳು. ವಿಂಡೋಸ್ ಬಂತು, ಕ್ಯಾಮೆರಾ ಅವಳ ಮುಖ ತೋರಿಸಿತು. ಹನ್ನೆರಡು ವರ್ಷದಲ್ಲಿ ಅಷ್ಟು ಹಿಗ್ಗಿದ ಮುಖವನ್ನು ಅವಳೇ ನೋಡಿರಲಿಲ್ಲ.

ಹೂ ಬಿಟ್ಟ ಮಾವಿಗೆ ಔಷಧಿ ಹೊಡೆದು ಸಂಜೆ ಬಂದ ವೇಣುಗೋಪಾಲ್ ಬಾಗಿಲಲ್ಲೇ ನಿಂತ. ಮೈಯೆಲ್ಲ ಔಷಧಿಯ ಘಾಟು.

"ಆಯ್ತಾ?"

"ನಿಮಗ್ಯಾಕೆ?"

ಅವನು ಹಿತ್ತಲಿಗೆ ಹೋದ.

ಬೆಳಿಗ್ಗೆ ಎಂಟಕ್ಕೆ ಸುನಂದ ಸ್ನಾನ ಮಾಡಿ ಬಂದಾಗ ಅವನು ಕಂಪ್ಯೂಟರ್ ಕೋಣೆಯಿಂದ ಹೊರಗೆ ಬರುತ್ತಿದ್ದ. ಜೇಬಿನಲ್ಲಿ ಸ್ಕ್ರೂಡ್ರೈವರ್. ಈಗಲೇ ಹಾಕಿ ನೋಡಬೇಕೆಂದುಕೊಂಡಳು. ಆದರೆ ಮೈದುನನ ಫೋನು, ಹಾಲಿನವನು ಎಂದು ಒಂದೊಂದೇ ಬಂದು, ಅವಳು ಗುಂಡಿ ಒತ್ತುವ ಹೊತ್ತಿಗೆ ಒಂಬತ್ತೂವರೆ.

ಫ್ಯಾನು ತಿರುಗಿತು. ಪರದೆ ಕಪ್ಪು.

"ಒಳಗೆ ಏನ್ ಮಾಡ್ತಿದ್ರಿ ನೀವು?" ಅವಳ ಕೂಗು ಬೀದಿಗೆ ಕೇಳಿಸಿತು.

"ಕರೆಂಟು ಹೋಗ್ಬಿಟ್ರೆ ಅಂತ..."

"ಸಾಕು! ಹೆಂಡ್ತಿ ಮೇಲೆ ಬರೋದನ್ನ ನೋಡಕ್ಕಾಗದೆ ಕದ್ದು ಕೈ ಹಾಕೋ ಗಂಡ ನಂಗೆ ಬೇಡ. ಕಣ್ಮುಂದೆ ನಿಲ್ಬೇಡಿ, ಹೋಗಿ!"

ವೇಣುಗೋಪಾಲ್ ಅಂಗಿ ಹಾಕಿಕೊಂಡು, ಬೈಕು ಹತ್ತಿ ಗೌನಿಪಲ್ಲಿಯ ಅಕ್ಕನ ಮನೆಯ ದಾರಿ ಹಿಡಿದ. ತಿರುಗಿ ನೋಡಲಿಲ್ಲ.

ಸುನಂದ ಪ್ಲಗ್ಗು ಕೀಳಲು ಮೇಜಿನ ಕೆಳಗೆ ಬಗ್ಗಿದಳು. ಅಲ್ಲೊಂದು ಹೊಸ ಯುಪಿಎಸ್ ಇತ್ತು. ಕರೆಂಟು ಹೋದರೂ ಪರೀಕ್ಷೆ ನಿಲ್ಲದಂತೆ ಅವನು ವಯರು ಎಳೆದು, ನೀಟಾಗಿ ಟೇಪು ಸುತ್ತಿದ್ದ. ಟೇಪಿನಲ್ಲಿ ಇನ್ನೂ ಔಷಧಿಯ ಘಾಟಿತ್ತು.

ಅವಳು ಡಬ್ಬದ ಪಕ್ಕದ ತಗಡು ತೆಗೆದಳು. ರ‍್ಯಾಮು ಒಂದು ಕಡೆ ಎದ್ದು ನಿಂತಿತ್ತು. ಕ್ಲಿಪ್ಪಿನ ಮೇಲೆ ಏನೋ ಜಿಗುಟು. ಎರಡು ಹೆಬ್ಬೆರಳಲ್ಲಿ ಒತ್ತಿ, ಮತ್ತೆ ಪ್ಲಗ್ಗು ಹಾಕಿದಳು. ಪರದೆ ಬೆಳಗಿತು. ಒಂಬತ್ತು ಐವತ್ತೆರಡು. ಇನ್ನೂ ಹೊತ್ತಿತ್ತು.

ಅಡುಗೆಮನೆಯಿಂದ, ನೆನೆಹಾಕಿದ ಕಾಳು ಹಿತಕುತ್ತಿದ್ದ ಅನಸೂಯಮ್ಮನ ದನಿ ಬಂತು: "ಬರ್ಲಿಲ್ಲ ಅಲ್ವಾ ತಲ್ಲಿ? ಹೋಗ್ಲಿ ಬಿಡು. ಇಲ್ಲೇ ಇರು, ನಾನಿದ್ದೀನಲ್ಲ."

ಸುನಂದ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಒಂದು ಕಾಯಿಯನ್ನೂ ಮುಟ್ಟದ ಅವಳ ಬೆರಳುಗಳಲ್ಲಿ ಅವರೆಯ ಸೊಗಡು ಘಮ್ಮೆಂದಿತು.