ಕರೆಯುವವರೆಗೆ

"ಟೀಚರ್, ನನ್ನ ಮಗಳು ಇನ್ನೂ ಮನೆಗೆ ಬಂದಿಲ್ಲ. ನಿಮ್ಮ ಹತ್ರ ಏನಾದ್ರೂ ಇದ್ದಾಳಾ?"

ಬಾಗಿಲಲ್ಲಿ ನಿಂತಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಭಾನುವಾರ ಹೊಲಿಗೆ ಯಂತ್ರ ಮುಟ್ಟಬಾರದು ಎಂದು ಟೀಚರಮ್ಮ ಹೇಳಿದ್ದು ನೆನಪಾಗಿ, ಅದನ್ನು ಸರಕ್ಕನೆ ಎಳೆದು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

ಟೀಚರಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆರಾಧನೆ ಮುಗಿದು ಪಾದ್ರಿಗಳು ಹೊರಟ ಮೇಲೆ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು ಅವರೇ. ಇವತ್ತು ಪ್ರಾರ್ಥನೆಯ ನಡುವೆ ಆ ಹುಡುಗಿ ಕಿಸಕ್ಕನೆ ನಕ್ಕಿದ್ದಳು. "ಒಳಗೆ ಹೋಗಿ ಮೊಣಕಾಲೂರು. ದೇವರ ಹತ್ರ ಕ್ಷಮೆ ಕೇಳು. ನಾನು ಕರೆಯೋವರೆಗೂ ಏಳಬೇಡ" ಎಂದು ಪಾದ್ರಿಗಳ ನಿಲುವಂಗಿ ಇಡುವ ಹಿಂದಿನ ಕೋಣೆಗೆ ಕಳಿಸಿದ್ದರು. ಪಾಠ ಮುಗಿಯಿತು. ಬೆಂಚು ಒರೆಸಿದರು, ಹೂದಾನಿಯ ನೀರು ಚೆಲ್ಲಿದರು, ಬೀಗ ಜಡಿದು ಮನೆಗೆ ಬಂದರು. ಕರೆಯಲು ಮರೆತೇ ಹೋಗಿತ್ತು.

ಮಗುವಿಗೆ ಉಬ್ಬಸ. ಆ ಕೋಣೆಗೆ ಕಿಟಕಿಯಿಲ್ಲ. ಇರುವ ಒಂದು ಹಿಂಬಾಗಿಲಿನ ಚಿಲಕ ಅವಳ ಕೈಗೆ ಎಟುಕುವುದಿಲ್ಲ.

"ಇಲ್ಲೇ ಎಲ್ಲಾದ್ರೂ ಆಡ್ತಿರ್ತಾಳೆ" ಎಂಬ ಸುಳ್ಳು ಬಾಯಿಂದ ಜಾರಿಯೇ ಬಿಟ್ಟಿತು. "ನೀನಿಲ್ಲೇ ನಿಂತಿರು. ನಾನು ನೋಡ್ಕೊಂಡು ಬರ್ತೀನಿ."

"ನಾನೂ ಬರ್ತೀನಿ ಟೀಚರ್..."

"ನಿಂತಿರು ಅಂದೆ."

ಅವಳು ನಿಂತಳು. ಅವಳೂ ಒಂದು ಕಾಲಕ್ಕೆ ಇವರ ಶಾಲೆಯಲ್ಲೇ ಕಲಿತವಳು.

ಇಷ್ಟು ವರ್ಷದ ನೌಕರಿಯಲ್ಲಿ ಟೀಚರಮ್ಮ ಬೆತ್ತ ಮುಟ್ಟಿದವರಲ್ಲ. ಅವರು ಕಣ್ಣು ಬಿಟ್ಟರೆ ಇರುವೆ ಸಾಲೂ ನೆಟ್ಟಗಾಗುತ್ತದೆ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು; ಒಳಗೊಳಗೇ ಹಿಗ್ಗಿದ್ದರು. ಹೇಳಿದ ಮಾತು ಕೇಳುವ ಮಕ್ಕಳು! ಈಗ ಚಪ್ಪಲಿ ಮೆಟ್ಟುವುದನ್ನೂ ಮರೆತು ರಸ್ತೆಯಲ್ಲಿ ಓಡುವಾಗ ಅದೇ ಮಾತು ಎದೆಗೆ ಬೆಂಕಿ ಇಟ್ಟಿತು. ತುಂಟ ಮಗುವಾಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲು ಬಡಿದು ಊರೆಲ್ಲ ಒಂದು ಮಾಡಿರುತ್ತಿತ್ತು. ಇವಳು ಬಡಿಯುವವಳಲ್ಲ.

ಚರ್ಚಿನ ಬೀಗಕ್ಕೆ ಬೀಗದ ಕೈಯನ್ನು ತಿರುವುಮುರುವಾಗಿ ತುರುಕಿದರು, ಮತ್ತೆ ಸರಿಮಾಡಿ ತಿರುಗಿಸಿದರು. ಇಡೀ ಸಭೆಯ ಮುಂದೆ ನಿಂತು ಗಂಟೆಗಟ್ಟಲೆ ಪ್ರಾರ್ಥಿಸುವ ನಾಲಿಗೆ 'ದೇವರೇ' ಎಂಬ ಒಂದು ಮಾತಿನಾಚೆ ಹೊರಳಲಿಲ್ಲ. ಬಾಗಿಲು ತೆರೆದರೆ ಒಳಗೆಲ್ಲ ಮೌನ. ಹುಡುಗಿಯನ್ನು ಕೂಗಿ ಕರೆಯಲು ಬಾಯಿ ತೆರೆದರು, ಧೈರ್ಯ ಸಾಲಲಿಲ್ಲ. ಉತ್ತರ ಬಾರದಿದ್ದರೆ?

ಬೆಂಚುಗಳ ನಡುವೆ ಎಡವುತ್ತ ಹೋಗಿ ಕೋಣೆಯ ಬಾಗಿಲು ತಳ್ಳಿದರು. ಕಣ್ಣಿಗೆ ಬಿಸಿಲು ಹೊಡೆಯಿತು. ಹಳೆಯ ಚಿಲಕ ಗಾಳಿಗೆ ಸಡಿಲವಾಗಿ ಕಳಚಿ, ಹಿಂಬಾಗಿಲು ಹಾರುಹೊಡೆದಿತ್ತು. ಹೋದ ಜೀವ ಬಂದಂತಾಯಿತು ಟೀಚರಮ್ಮನಿಗೆ. ಸದ್ಯ, ಮಗು ಆ ದಾರಿಯಲ್ಲಿ ಮನೆಗೆ ಹೋಗಿರಬೇಕು.

ಆಗ ನಿಲುವಂಗಿಗಳ ಹಿಂದೆ ಸಿಳ್ಳೆಯಂಥ ಉಸಿರು ಕೇಳಿಸಿತು.

ಹುಡುಗಿ ಮೊಣಕಾಲ ಮೇಲೇ ಇದ್ದಳು. ತುಟಿ ಬಿಳಿಚಿಕೊಂಡಿತ್ತು, ಹೆಗಲು ಏರಿಳಿಯುತ್ತಿತ್ತು. ಜೋಡಿಸಿದ ಕೈ ಬಿಟ್ಟಿರಲಿಲ್ಲ.

"ಅಯ್ಯೋ, ಬಾಗಿಲು ತೆರೆದೇ ಇದೆಯಲ್ಲೇ! ಎದ್ದು ಹೋಗಬಾರದಿತ್ತಾ?"

ಹುಡುಗಿ ಹೆದರಿದ ಕಣ್ಣುಗಳಿಂದ ಮೇಲೆ ನೋಡಿದಳು. ಆಗಲೂ ಏಳಲಿಲ್ಲ.

"ಉಸಿರು ಕಟ್ತಿತ್ತು ಟೀಚರ್... ದೇವರನ್ನ ಕೇಳ್ಕೊಂಡೆ. ದೇವರು ಬಾಗಿಲು ತೆಗೆದ್ರು. ಆದ್ರೆ ನೀವು ಇನ್ನೂ ಕರೆದಿರಲಿಲ್ಲವಲ್ಲ."