ಬಿಳಿ ಬಟ್ಟೆಯ ಮೇಲಿನ ಗುಲಗಂಜಿ ಹುಳಗಳು

ಆಗಷ್ಟೇ ಕೊಯ್ದ ಹಸಿಹುಲ್ಲಿನ ವಾಸನೆ ಬಂದರೆ ಈಗಲೂ ನನಗೆ ಕೊಲ್ಲಿ ದೇಶದ ಸಹಮ್ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಪಪ್ಪಾ ನೋಡಿಕೊಳ್ಳುತ್ತಿದ್ದ ತೋಟದಲ್ಲಿ ಆಡುಗಳಿಗೆಂದು ಬೆಳೆದ ಕುದುರೆಮಸಾಲೆ ಸೊಪ್ಪಿಗೆ ಹೇನು ಹತ್ತಿತ್ತು. ಎಲೆಯೆಲ್ಲ ಅಂಟಂಟಾಗಿತ್ತು.

"ಯಲ್ಲಾ, ದವಾ ಮಾರೋ," ಎಂದು ತೋಟದ ಒಡೆಯ ಕಫೀಲ್ ಬೇಗ ಔಷಧಿ ಹೊಡೆಯಲು ಅವಸರಪಡಿಸಿದ.

ಪಪ್ಪಾ ಅಮ್ಮನ ಕಡೆ ತಿರುಗಿದರು. "ಒಂದು ಬಿಳಿ ಬಟ್ಟೆ ಕೊಡು ಮಾರಾಯ್ತಿ. ಉದುರಿಸಿ ನೋಡುವ. ಬಿಳಿಯ ಮೇಲೆ ಹುಳ ಸರಿ ಕಾಣ್ತದೆ."

ಒಳಗೆ ಹೋದ ಅಮ್ಮ ಬಹಳ ಹೊತ್ತು ಬರಲಿಲ್ಲ. ತಂದದ್ದು ತಮ್ಮನ ಜ್ಞಾನಸ್ನಾನಕ್ಕೆಂದು ಅವಳೇ ಅಂಚು ಹೊಲಿದಿಟ್ಟಿದ್ದ ಬಟ್ಟೆ. ಹುಟ್ಟಿದ ಆಸ್ಪತ್ರೆಯಲ್ಲೇ ತೀರಿಕೊಂಡ ತಮ್ಮ ಮನೆಗೆ ಬಂದೇ ಇರಲಿಲ್ಲ.

"ಅದು ಬಾಬುವಿನದ್ದಲ್ವಾ?" ಎಂದೆ.

ಪಪ್ಪಾ ಅದನ್ನು ಗಿಡದ ಬುಡದಲ್ಲಿ ಹಾಸಿ ದಂಟುಗಳನ್ನು ಬಗ್ಗಿಸಿ ಅಲುಗಿಸಿದರು. ಹಸಿರು ಹೇನುಗಳ ಜೊತೆ ಕೆಂಪು ಗುಲಗಂಜಿ ಹುಳಗಳೂ ಬಿದ್ದವು.

"ಇವು ಹೇನು ತಿಂತವೆ. ವಿಷ ಹೊಡೆದರೆ ಇವೂ ಸಾಯ್ತವೆ. ಸ್ವಲ್ಪ ದಿನ ಕಾಯುವ," ಎಂದು ಪಪ್ಪಾ ಬಟ್ಟೆ ಕೊಡವಲು ಎತ್ತಿದರು.

ಅಮ್ಮ ಅವರ ಕೈ ಹಿಡಿದಳು. ಅಲ್ಲೇ ಕುಳಿತು, ಬಟ್ಟೆಯನ್ನು ಮಡಿಲಿಗೆ ತೆಗೆದುಕೊಂಡು, ಕೆಂಪು ಹುಳಗಳನ್ನು ಒಂದೊಂದಾಗಿ ಬೆರಳಿಗೆ ಹತ್ತಿಸಿಕೊಂಡು ಎಲೆಗೆ ಬಿಟ್ಟಳು. ಕೊನೆಯ ಹುಳ ಹೋದ ಮೇಲೂ ಬಟ್ಟೆ ಅವಳ ಮಡಿಲಲ್ಲೇ ಇತ್ತು.