ಬಲಗಡೆಯದ್ದು ಉಲ್ಟಾ

“ಇನ್ನು ಕಟ್ಟರ್ ಒಂದೇ ಗತಿ ಮಾರಾಯ್ತಿ, ಬೇರೆ ದಾರಿ ಇಲ್ಲ,” ಎಂದು ವಿಲ್ಸನ್ ಸ್ಪ್ಯಾನರನ್ನು ಬಾಲ್ಕನಿಯ ನೆಲಕ್ಕೆ ಒಗೆದ. ಸುಮಯ್ಯಾ ಅದನ್ನು ಎತ್ತಿ ತನ್ನ ಹತ್ತಿರ ಇಟ್ಟುಕೊಂಡಳು. ಕೊಚ್ಚಿಯ ಕಲೂರಿನ ಅವಳ ಪುಟ್ಟ ಫ್ಲ್ಯಾಟಿನಲ್ಲಿ ಬೆಳಗಿನಿಂದ ಒಂದು ಹಳೇ ಸೈಕಲ್ ಫ್ರೇಮಿನ ಜೊತೆ ಮೂರು ಜನರ ಕುಸ್ತಿ ನಡೆದಿತ್ತು. ಆಫೀಸಿನ ಗೆಳೆಯ ಚಿಕ್ಕಣ್ಣ ಫ್ರೇಮನ್ನು ತಬ್ಬಿ ಕೂತಿದ್ದ. ಅವರ ಸೈಕಲ್ ತಂಡದ ನಾಯಕ, ಬಂಟ್ವಾಳದ ವಿಲ್ಸನ್, ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗುತ್ತಿದ್ದ. ಎರಡು ಪೆಡಲುಗಳ ನಡುವಿನ ಕೊಳವೆಯಿಂದ ಎಡಗಡೆಯ ಬೇರಿಂಗ್ ಕಪ್ ಸಲೀಸಾಗಿ ಬಿಚ್ಚಿ ಬಂದಿತ್ತು. ಬಲಗಡೆಯದ್ದು ಮಾತ್ರ ಜಪ್ಪಯ್ಯ ಎಂದರೂ ಬರಲೊಲ್ಲದು.

ಆಲುವದ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಕಿಟಕಿ ಸರಳುಗಳ ಅಡಿ ಸಿಕ್ಕಿದ ಫ್ರೇಮದು. ಮೈತುಂಬ ಯಾರೋ ಬಳಿದ ಗೇಟಿನ ಹಸಿರು ಪೇಂಟು, ಹೆಸರಿಲ್ಲ, ಸ್ಟಿಕರಿಲ್ಲ. ಆದರೆ ಪೈಪುಗಳು ಕೂಡುವ ಜಾಗದಲ್ಲಿ ಅರದಿಂದ ಉಜ್ಜಿ ಚೂಪು ಮಾಡಿದ ಅಂಚುಗಳನ್ನು ಕಂಡದ್ದೇ ಸುಮಯ್ಯಾ, “ಇದು ಇಟಲಿಯದ್ದೇ,” ಎಂದುಬಿಟ್ಟಿದ್ದಳು. ವಿಲ್ಸನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಇಟಲಿಯಂತೆ! ಹಾಲಿನವನ ಸೈಕಲ್ ಇದು, ಸುಮ್ಮನಿರು.”

ನಗಲಿ ಬಿಡಿ, ನಗುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಆದರೆ ಅವಳಿಗೆ ಹಳೇ ಗಾಯವೊಂದಿತ್ತು. ಕಳೆದ ವರ್ಷ ಕೊಚ್ಚಿಯಿಂದ ತಿರುವನಂತಪುರಕ್ಕೆ ತಂಡ ಹೊರಟಾಗ ಬಾಡಿಗೆ ಸೈಕಲ್ ತುಳಿದು, ಆಲಪ್ಪುಳ ದಾಟುವಷ್ಟರಲ್ಲಿ ಸುಸ್ತಾಗಿ, ಹಿಂದೆ ಬರುತ್ತಿದ್ದ ಚಿಕ್ಕಣ್ಣನ ವ್ಯಾನು ಹತ್ತಿದ್ದಳು. ಅಂದಿನಿಂದ ಅವಳ ಹೆಸರೇ ‘ಲಗೇಜ್’. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಈ ಸಲ ಇದೇ ಫ್ರೇಮಿನ ಮೇಲೆ ಕೂತು ತಿರುವನಂತಪುರ ಮುಟ್ಟುತ್ತೇನೆಂದು ಎಲ್ಲರೆದುರು ಹೇಳಿ ಆಗಿತ್ತು. ಕಟ್ಟರ್ ಇಟ್ಟರೆ ಕೊಳವೆಯೊಳಗಿನ ತಿರುಪಿನ ಥ್ರೆಡ್ ಹಾಳು. ಆಮೇಲೆ ಫ್ರೇಮನ್ನು ಗೋಡೆಗೆ ನೇತುಹಾಕಿ ನೋಡುತ್ತ ಕೂರಬೇಕು, ಅಷ್ಟೇ.

“ವಿಲ್ಸಣ್ಣ, ನೀವು ತಿರುಗಿಸುವ ದಿಕ್ಕು ಸರಿ ಉಂಟಾ?”

“ಎಂತ ಕೇಳ್ತಿ ನೀನು! ಎಡಗಡೆಯದ್ದು ನಲ್ಲಿಯ ಹಾಗೆ ಬಿಚ್ಚುವುದು, ಬಲಗಡೆಯದ್ದು ಅದಕ್ಕೆ ಉಲ್ಟಾ. ಸೈಕಲ್ ಬಿಚ್ಚಿದವರಿಗೆಲ್ಲ ಗೊತ್ತುಂಟು. ನಿನ್ನ ಸೈಕಲಿಗೆ ಬೇರೆ ಕಾನೂನಾ?”

“ಕಟ್ಟರ್ ವ್ಯಾನಲ್ಲೇ ಇದೆ ಮೇಡಂ, ತರ್ಲಾ?” ಎಂದ ಮೈಸೂರಿನ ಚಿಕ್ಕಣ್ಣ, ಫ್ರೇಮ್ ಬಿಟ್ಟು ಏಳುವ ಆಸೆಯಿಂದ.

“ಒಂದು ನಿಮಿಷ,” ಎಂದು ಸುಮಯ್ಯಾ ಮಂಡಿಯೂರಿ ಬಗ್ಗಿದಳು. ಕುಕ್ಕರಿನ ಹಿಡಿಯಿರಲಿ, ಫ್ಯಾನಿರಲಿ, ಏನೇ ಬಿಚ್ಚುವ ಮೊದಲು ಎರಡು ಭಾಗ ಕೂಡುವಲ್ಲಿ ಅಡ್ಡಕ್ಕೊಂದು ನೇಲ್ ಪಾಲಿಶ್ ಗೀರು ಎಳೆಯುವುದು ಅವಳ ಅಭ್ಯಾಸ. ಮತ್ತೆ ಜೋಡಿಸುವಾಗ ಯಾವುದು ಎಲ್ಲಿತ್ತೆಂದು ತಿಳಿಯಬೇಕಲ್ಲ. ಬೇರಿಂಗ್ ಕಪ್ ಮೇಲೆ ಬೆಳಿಗ್ಗೆ ಎಳೆದ ಕೆಂಪು ಗೀರು ಕೊಳವೆಯ ಮೇಲಿನ ಗೀರಿನಿಂದ ಅಕ್ಕಿಕಾಳಿನಷ್ಟು ಸರಿದಿತ್ತು. ವಿಲ್ಸನ್‌ನ ಮುಖ ಅರಳಿತು. “ಕಂಡ್ಯಾ! ಅಲುಗಿದೆ!”

“ಅಲುಗಿದೆ ಹೌದು. ಆದರೆ ಬಿಚ್ಚಿಕೊಂಡರೆ ಹೊರಗೆ ಬರಬೇಕಲ್ಲ? ಬೆಳಿಗ್ಗೆ ಇಲ್ಲಿ ಕೂದಲಿನಷ್ಟು ಸಂದಿ ಇತ್ತು, ಈಗ ಅದೂ ಇಲ್ಲ. ವಿಲ್ಸಣ್ಣ, ನೀವು ಬೆಳಗಿನಿಂದ ಇದನ್ನು ಬಿಗಿ ಮಾಡ್ತಾ ಇದ್ದೀರಿ!”

ಅವಳು ಎದ್ದಳು. ಹಳೇ ಇಟಲಿ ಫ್ರೇಮುಗಳಲ್ಲಿ ಎರಡೂ ಕಡೆಯ ಥ್ರೆಡ್ ಒಂದೇ ದಿಕ್ಕಿನದೆಂದು ಓದಿದ್ದು ನೆನಪಾಯಿತು. ಪೈಪನ್ನು ಆಚೆ ಬದಿಗೆ ತಿರುಗಿಸಿ ಸಿಕ್ಕಿಸಿ, “ಚಿಕ್ಕಣ್ಣ, ಗಟ್ಟಿ ಹಿಡ್ಕೊಳ್ಳಿ,” ಎಂದು ಇಡೀ ಮೈಭಾರ ಹಾಕಿದಳು. ಮೊದಲು ಏನೂ ಇಲ್ಲ. ಇನ್ನೊಮ್ಮೆ. ಟಕ್ಕೆಂದು ಸದ್ದಾಯಿತು, ಪೈಪಿನ ಜೊತೆ ಅವಳೂ ಕೆಳಗೆ ಕುಸಿದಳು. ಆಮೇಲೆ ಆ ಕಪ್, ನಲ್ಲಿಯ ಹಾಗೆ, ಬೆರಳಿನಲ್ಲೇ ತಿರುಗಿ ಬಂತು.

“ಯಾ ಅಲ್ಲಾ! ಬಂತು!” ಎಂದು ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯ ಮಲಯಾಳಿ ಅಕ್ಕ, ಚೇಚಿ, ಓಡಿ ಬಂದು ಬೆಲ್ ಒತ್ತಿದರು.

ವಿಲ್ಸನ್ ಅಷ್ಟಕ್ಕೇ ಸೋಲುವ ಆಸಾಮಿಯಲ್ಲ. “ಫ್ರಾನ್ಸಿನದ್ದೂ ಹೀಗೇ ಇರ್ತದೆ,” ಎಂದ. ಸುಮಯ್ಯಾ ಸ್ಕೇಲು ತಂದು ಕೊಳವೆಗೆ ಅಡ್ಡ ಹಿಡಿದಳು. ಸರಿಯಾಗಿ ಏಳು ಸೆಂಟಿಮೀಟರ್. ಫ್ರಾನ್ಸಿನದ್ದಾದರೆ ಎರಡು ಮಿಲಿಮೀಟರ್ ಕಡಿಮೆ ಇರಬೇಕೆಂಬುದು ವಿಲ್ಸನ್‌ಗೂ ಗೊತ್ತಿತ್ತು. ಅವನು ಸ್ಕೇಲನ್ನು ತಿರುಗಿಸಿ ಮುರುಗಿಸಿ ನೋಡಿದ. ಸ್ಕೇಲಿಗೇನು ದಾಕ್ಷಿಣ್ಯ?

ಆಮೇಲಿನದೆಲ್ಲ ಸಲೀಸು. ಗೇಟಿನ ಹಸಿರನ್ನು ಸುಲಿದಾಗ ಅಡಿಯಲ್ಲಿ ಮಾಗಿದ ಜಂಬುನೇರಳೆಯ ಬಣ್ಣ ಕಂಡಿತು. ಅದೇ ಬಣ್ಣ ಹೊಡೆಸಿದಳು. ಸವಾರಿಯ ದಿನ ಆಲಪ್ಪುಳ ಬಂತು, ಹೋಯಿತು. ಕೊಲ್ಲಂ ಹತ್ತಿರ ತೊಡೆಗಳು ಬೆಂಕಿಯಾದವು. ಹಿಂದಿರುಗಿ ನೋಡಿದರೆ ವ್ಯಾನಿನಲ್ಲಿ ಚಿಕ್ಕಣ್ಣ ಬಾಗಿಲು ತೋರಿಸಿ ಹಲ್ಲು ಕಿರಿಯುತ್ತಿದ್ದ. ಆ ಹಲ್ಲು ಕಂಡದ್ದೇ ಅವಳಿಗೆ ಎಲ್ಲಿಲ್ಲದ ಬಲ ಬಂತು.

ಇಳಿಸಂಜೆ ತಿರುವನಂತಪುರದ ಶಂಖುಮುಖಂ ಕಡಲತೀರದಲ್ಲಿ, ಪ್ರತಿ ವರ್ಷ ತಂಡವನ್ನು ಎದುರುಗೊಳ್ಳುವ, ಹಳೇ ಸೈಕಲುಗಳ ಮರ್ಮ ಬಲ್ಲ ಬಾಹ್ಯಾಕಾಶ ಕೇಂದ್ರದ ಶಂಕರನಾರಾಯಣ ಕಾಫಿ ಫ್ಲಾಸ್ಕ್ ಹಿಡಿದು ನಿಂತಿದ್ದರು. ವ್ಯಾನಿನ ಹಿಂದಿನ ಸೀಟು ಈ ಸಲ ಖಾಲಿಯಾಗಿ ಬಂತು. ಅವರ ಕಣ್ಣು ನೇರಳೆ ಸೈಕಲಿನ ಮೇಲೇ ನೆಟ್ಟಿತು. “ಆಹಾ! ಅಪ್ಪಟ ಇಟಾಲಿಯನ್! ಯಾರಮ್ಮಾ ಇದನ್ನ ರೆಡಿ ಮಾಡಿದ್ದು?”

ಆಗಲೇ ಬಂದು ಕಾಲು ಚಾಚಿ ಕೂತಿದ್ದ ವಿಲ್ಸನ್ ಗಂಟಲು ಸರಿಮಾಡಿಕೊಂಡ. “ನಾವೇ ಸಾರ್, ಎಲ್ಲ ಸೇರಿ…”

“ಹೌದು ಸಾರ್,” ಎಂದಳು ಸುಮಯ್ಯಾ, ಕಾಫಿಯನ್ನು ಊದುತ್ತ. “ವಿಲ್ಸಣ್ಣನ ಉಪಕಾರ ಮರೆಯುವ ಹಾಗಿಲ್ಲ. ಬೆಳಗಿನಿಂದ ಕೂತು ಬಿಗಿ ಮಾಡಿದ್ದು ಅವರು. ನಾನು ಬಿಚ್ಚಿದ್ದು ಮಾತ್ರ.”